ಕೊಂಡಿಯ ಹಿಂದಿನ ಕೊಂಡಿಗಳು

ಗಣಕಯಂತ್ರದ ಪರದೆಯ ಮೇಲೆ ನೀಲಿ ಬಣ್ಣದಲ್ಲಿ, ಅಡಿಗೆರೆಯೊಡನೆ ಕಾಣುವ ಪದಗಳು ಎಲ್ಲರಿಗೂ ಪರಿಚಿತವಾದವು. ಕೊಂಡಿ ಎಂದು ಕರೆಯಲಾಗುವ ಇವುಗಳನ್ನು ಒತ್ತಿದೊಡನೆ ಬೇಕಾದ ಪುಟ ತೆರೆಯುತ್ತದೆ. ಆದರೆ ಕೆಲವೊಮ್ಮೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ; ಯಂತ್ರವು ಕಾರಣವನ್ನೂ ತಿಳಿಸುವುದಿಲ್ಲ. ಬಳಸುವವರು ತಪ್ಪು ತಮ್ಮದೇ ಎಂದು ಭಾವಿಸಿ ಸುಮ್ಮನಾಗುತ್ತಾರೆ. ಕಣ್ಣಿಗೆ ಕಾಣದ ಅವಲಂಬನೆಯೊಂದು ಒಳಗೆ ಕಡಿದುಹೋಗಿರುವುದು ಅವರ ಅರಿವಿಗೆ ಬರುವುದಿಲ್ಲ.

ಕಿಟಕಿ, ಗುಂಡಿ, ಪಟ್ಟಿ ಮುಂತಾದ ಪರದೆಯ ಅಂಗಗಳನ್ನು ಸಿದ್ಧರೂಪದಲ್ಲಿ ಒದಗಿಸುವ ತಂತ್ರಾಂಶಕ್ಕೆ ಟೂಲ್‌ಕಿಟ್ ಎಂದು ಹೆಸರು. ಲಿನಕ್ಸ್ ಗಣಕಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಜಿಟಿಕೆ ಅಂಥದೊಂದು. 1990ರ ದಶಕದಲ್ಲಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ ಹುಟ್ಟಿದ ಇದು ಮುಂದೆ ಗ್ನೋಮ್ ಎಂಬ ಡೆಸ್ಕ್‌ಟಾಪ್ ವ್ಯವಸ್ಥೆಗೆ ಅಡಿಪಾಯವಾಯಿತು.

ಕೊಂಡಿಯ ಕಾರ್ಯದಲ್ಲಿ ಮೂರು ಹಂತಗಳುಂಟು. ಮೊದಲನೆಯದು, ಕೊಂಡಿಯನ್ನು ತೋರಿಸಿ ಒತ್ತಿದ್ದನ್ನು ಗುರುತಿಸುವುದು. ಎರಡನೆಯದು, ಆ ವಿಳಾಸವನ್ನು ಯಾವ ತಂತ್ರಾಂಶ ತೆರೆಯಬೇಕೆಂದು ನಿರ್ಧರಿಸುವುದು. ಮೂರನೆಯದು, ಆ ತಂತ್ರಾಂಶವನ್ನು ಚಾಲನೆಗೊಳಿಸುವುದು. ಮೊದಲನೆಯದು ಟೂಲ್‌ಕಿಟ್ಟಿನ ಕೆಲಸ. ಎರಡನೆಯದು ಬಳಕೆದಾರನ ಆಯ್ಕೆಗೆ, ಅಂದರೆ ಸಂರಚನೆಗೆ, ಸೇರಿದ್ದು. ತೊಡಕು ಹುಟ್ಟುವುದು ಇಲ್ಲಿಯೇ.

ಹಿಂದೆ ಗ್ನೋಮ್‌ನಲ್ಲಿ ಈ ಆಯ್ಕೆಗಳು ಜಿಕಾನ್ಫ್ ಎಂಬ ಸಂರಚನಾ ಭಂಡಾರದಲ್ಲಿದ್ದವು. ಒಂದೇ ಒಂದು ಕೊಂಡಿಯನ್ನು ತೆರೆಯಬೇಕಾದ ಸಣ್ಣ ತಂತ್ರಾಂಶವೂ ಗ್ನೋಮ್‌ನ ಲೈಬ್ರರಿಯನ್ನೂ, ಅದರ ಮೂಲಕ ಜಿಕಾನ್ಫನ್ನೂ ಹೊರಬೇಕಾಗಿತ್ತು. 2006ರಲ್ಲಿ ಬಂದ ಜಿಟಿಕೆ 2.10ರಲ್ಲಿ ಕೊಂಡಿ-ಗುಂಡಿ ಸೇರಿತಾದರೂ, ಒತ್ತಿದಾಗ ಏನಾಗಬೇಕೆಂಬುದನ್ನು ತಂತ್ರಾಂಶ ಬರೆಯುವವನೇ ಜೋಡಿಸಬೇಕಾಗಿತ್ತು. 2008ರ 2.14ನೆಯ ಆವೃತ್ತಿಯು ವಿಳಾಸವನ್ನು ತೆರೆಯುವ ಫಂಕ್ಷನ್ನನ್ನು ತಾನೇ ಒದಗಿಸಿತು. 2009ರ 2.18ರಲ್ಲಿ ಸಾಮಾನ್ಯ ಬರಹದ ನಡುವೆಯೇ ಕೊಂಡಿಯನ್ನಿಡುವುದು ಸಾಧ್ಯವಾಯಿತು.

ಇಷ್ಟಾದರೂ ಅವಲಂಬನೆ ಅಳಿಯಲಿಲ್ಲ, ಮರೆಯಾಯಿತು ಅಷ್ಟೆ. ಜಿಕಾನ್ಫನ್ನು ಓದಿ ಉತ್ತರ ಹೇಳುವ ಭಾಗವು ಜಿವಿಎಫ್‌ಎಸ್ ಎಂಬ ಬೇರೊಂದು ತಂತ್ರಾಂಶದಲ್ಲಿತ್ತು. ಅದಿಲ್ಲದ ಗಣಕದಲ್ಲಿ ಕೊಂಡಿ ಅಂದವಾಗಿ ಕಾಣುತ್ತಿತ್ತು, ಒತ್ತಿದರೆ ತೆರೆಯುತ್ತಿರಲಿಲ್ಲ. ಫಂಕ್ಷನ್ನು ದೋಷವನ್ನು ವರದಿ ಮಾಡುತ್ತಿತ್ತಾದರೂ, ಬರೆದವನು ಆ ವರದಿಯನ್ನು ಕಡೆಗಣಿಸಿದ್ದಲ್ಲಿ ಪರದೆಯ ಮೇಲೆ ಮೌನವೇ ಉಳಿಯುತ್ತಿತ್ತು. 2011ರಲ್ಲಿ ಜಿಲಿಬ್ ಎಂಬ ತಳಹದಿಯ ಲೈಬ್ರರಿಯ 2.28ನೆಯ ಆವೃತ್ತಿಯು ವಿಳಾಸದ ಬಗೆಯನ್ನೂ ಕಡತದ ಬಗೆಯಂತೆಯೇ ಪರಿಗಣಿಸಿತು. ಯಾವ ಬಗೆಗೆ ಯಾವ ತಂತ್ರಾಂಶ ಎಂಬುದನ್ನು ಅಂದಿನಿಂದ ಸಾದಾ ಪಠ್ಯ ಕಡತವೊಂದರಲ್ಲಿ ಬರೆದಿಡುವುದು ರೂಢಿಯಾಯಿತು. ಯಾರು ಬೇಕಾದರೂ ತೆರೆದು ಓದಬಹುದಾದ ಈ ಕಡತವು ಒಂದೇ ಡೆಸ್ಕ್‌ಟಾಪಿನ ಹಂಗಿಗೆ ಒಳಗಾದುದಲ್ಲ.

ತಂತ್ರಾಂಶ ರಚನೆಯನ್ನು ಕಲಿಯುವವರು ಇದರಿಂದ ಮೂರು ಸಂಗತಿಗಳನ್ನು ಮನಗಾಣಬೇಕು. ಕೊಂಡಿಯನ್ನು ಒತ್ತಿದಾಗ ಜಿಟಿಕೆ ಮೊದಲು ತಂತ್ರಾಂಶಕ್ಕೇ ಸೂಚನೆ ಕೊಡುತ್ತದೆ. ತಂತ್ರಾಂಶವು ತಾನೇ ನಿರ್ವಹಿಸಿದೆನೆಂದು ಉತ್ತರಿಸದಿದ್ದರೆ ಮಾತ್ರ ಹೊರಗಿನ ತಂತ್ರಾಂಶದ ಮೊರೆಹೋಗುತ್ತದೆ. ಗ್ರಂಥಾಲಯದ ತಂತ್ರಾಂಶದಲ್ಲಿ ಪುಸ್ತಕದ ಹೆಸರನ್ನು ಒತ್ತಿದರೆ ಅದರ ವಿವರವು ಅಲ್ಲಿಯೇ ತೆರೆಯಬೇಕು, ಬ್ರೌಸರ್ ತೆರೆಯಬೇಕಾಗಿಲ್ಲ. ಎರಡನೆಯದಾಗಿ, ಪರರಿಂದ ಬಂದ ವಿಳಾಸದ ಬಗೆಯನ್ನು ಪರೀಕ್ಷಿಸದೆ ತೆರೆಯಲು ಒಪ್ಪಿಸಬಾರದು. ಮೂರನೆಯದಾಗಿ, ತೆರೆಯುವುದು ವಿಫಲವಾದಾಗ ಕಾರಣವನ್ನು ತಿಳಿಸಿ, ನಕಲು ಮಾಡಿಕೊಳ್ಳಲು ಅನುಕೂಲವಾಗುವಂತೆ ವಿಳಾಸವನ್ನಾದರೂ ತೋರಿಸಬೇಕು.

ಅವಲಂಬನೆಯಿಲ್ಲದ ಯಂತ್ರವಿಲ್ಲ. ಯಾವುದು ಯಾವುದನ್ನು ನಂಬಿದೆ ಎಂಬುದು ಬಯಲಲ್ಲಿದ್ದರೆ ಕಡಿದ ಕೊಂಡಿಯನ್ನು ಹುಡುಕಿ ಸರಿಪಡಿಸಬಹುದು. ಅದು ಮರೆಯಲ್ಲಿದ್ದರೆ, ಏನೂ ಅರಿಯದ ಬಳಕೆದಾರನೇ ತಪ್ಪಿತಸ್ಥನಾಗಿ ನಿಲ್ಲಬೇಕಾಗುತ್ತದೆ.