ತಂಬೂರಿಯೂ ಬೀಸುಕಲ್ಲೂ

ವಿಜಯಪುರ ನಗರದಿಂದ ಪಡುವಣ ದಿಕ್ಕಿಗೆ ತಿಕೋಟಾದ ಕಡೆಗೆ ಹೊರಟ ಪ್ರಯಾಣಿಕನಿಗೆ ಕೆಲವೇ ಮೈಲಿಗಳಲ್ಲಿ ತೊರವಿ ಎಂಬ ಊರು ಎದುರಾಗುತ್ತದೆ. 'ತೊರವೆ ರಾಮಾಯಣ'ವನ್ನು ರಚಿಸಿದ ಕುಮಾರ ವಾಲ್ಮೀಕಿಯ ಆರಾಧ್ಯದೈವ ನರಸಿಂಹನ ನೆಲೆ ಅದು. ಅಲ್ಲಿಯೇ ನವರಸಪುರವೆಂಬ ಅಳಿದ ನಗರವೊಂದರ ಗೋಡೆಗಳು ಬಿಸಿಲಿಗೆ ಮೈಯೊಡ್ಡಿ ನಿಂತಿವೆ. ಅವುಗಳ ನಡುವೆ ಸಂಗೀತ ಮಹಲು ಇಂದಿಗೂ ಕಾಣುತ್ತದೆ. ಇನ್ನೂ ಮುಂದೆ ಸಾಗಿದರೆ ತಿಕೋಟಾ, ತೆಂಕಣಕ್ಕೆ ತಿರುಗಿದರೆ ಬಬಲೇಶ್ವರ. ಎಲ್ಲವೂ ಡೋಣಿ ನದಿಯ ಆಸುಪಾಸಿನ ಎರೆಮಣ್ಣಿನ ಸೀಮೆ.

ಈ ನಾಡಿನಲ್ಲಿ ಎರಡು ಬಗೆಯ ಹಾಡುಗಳು ಹುಟ್ಟಿದವು. ಒಂದು ಅರಮನೆಯಲ್ಲಿ ತಂಬೂರಿಯ ಶ್ರುತಿಗೆ ಹುಟ್ಟಿತು. ಇನ್ನೊಂದು ಅಡುಗೆಮನೆಯ ಮೂಲೆಯಲ್ಲಿ ಬೀಸುಕಲ್ಲಿನ ಸದ್ದಿಗೆ ಹುಟ್ಟಿತು. ಮನಸ್ಸು ಕಲಕಿದಾಗ, ನಾಳೆ ಏನೆಂಬುದು ತಿಳಿಯದಿದ್ದಾಗ, ಮನುಷ್ಯನ ಬಾಯಲ್ಲಿ ಹಾಡು ಹೇಗೆ ಉಳಿಯುತ್ತದೆ? ಈ ಪ್ರಶ್ನೆಗೆ ಇವೆರಡೂ ಉತ್ತರ ಹೇಳುತ್ತವೆ.

ಎರಡನೆಯ ಇಬ್ರಾಹೀಂ ಆದಿಲ್‌ಶಾಹನು 1580ರಲ್ಲಿ ಪಟ್ಟಕ್ಕೆ ಬಂದಾಗ ಅವನಿನ್ನೂ ಒಂಬತ್ತು ವರ್ಷದ ಬಾಲಕ. ಹಿಂದಿನ ಸುಲ್ತಾನನು ಕೊಲೆಗೀಡಾಗಿದ್ದನು. ಬಾಲಕನ ಹೆಸರಿನಲ್ಲಿ ಆಳಲು ಸರದಾರರು ಒಬ್ಬರ ಮೇಲೊಬ್ಬರು ಕತ್ತಿ ಹಿರಿದರು. ದೊಡ್ಡವನಾದ ಮೇಲೆ ಒಡಹುಟ್ಟಿದವನೇ ದಂಗೆಯೆದ್ದನು. ಉತ್ತರದಿಂದ ಮೊಗಲರ ಭಯವೂ ಇತ್ತು. ಇಂಥ ಕಾಲದಲ್ಲಿ ಬೆಳೆದ ಅರಸನು 'ಕಿತಾಬೆ ನವರಸ್' ಎಂಬ ಹಾಡುಗಳ ಪುಸ್ತಕವನ್ನು ರಚಿಸಿದನು. ಅದರಲ್ಲಿ 59 ಹಾಡುಗಳೂ 17 ದೋಹೆಗಳೂ ಇವೆ. ಭಾಷೆ ದಖನಿ, ಹಾಡುಗಳ ಜೋಡಣೆ ರಾಗಗಳಿಗೆ ಅನುಸಾರ. ಸರಸ್ವತಿ, ಗಣಪತಿ, ಕಲಬುರಗಿಯ ಸೂಫಿ ಸಂತ ಗೇಸೂದರಾಜ್, ಎಲ್ಲರಿಗೂ ಅವನ ವಂದನೆ ಸಂದಿದೆ.

ಆ ಹಾಡುಗಳ ವಸ್ತುವನ್ನು ಗಮನಿಸಿರಿ. ಗೆದ್ದ ಯುದ್ಧಗಳನ್ನು ಹೊಗಳಿಕೊಳ್ಳುವುದು ಅವುಗಳ ಗುರಿಯಲ್ಲ. ಅವನ ತಂಬೂರಿಗೆ ಮೋತಿಖಾನ್ ಎಂದು ಹೆಸರು, ಪ್ರೀತಿಯ ಆನೆಗೆ ಆತಶ್‌ಖಾನ್ ಎಂದು ಹೆಸರು. ಇವುಗಳ ಮೇಲೆ, ರಾಣಿ ಚಾಂದ್ ಸುಲ್ತಾನಳ ಮೇಲೆ, ಅಗಲಿಕೆಯ ನೋವಿನ ಮೇಲೆ ಅವನು ಹಾಡು ಕಟ್ಟಿದನು. ಮನಸ್ಸು ದಿಕ್ಕು ತಪ್ಪಿದಾಗ ದೂರದ ದೊಡ್ಡ ಸಂಗತಿ ಕೈಗೆ ಸಿಗುವುದಿಲ್ಲ. ದಿನವೂ ಮುಟ್ಟುವ ವಸ್ತು ಸಿಗುತ್ತದೆ. ಅರಸನು ಅದನ್ನೇ ಹಿಡಿದನು. ಐವತ್ತೊಂಬತ್ತು ಹಾಡುಗಳು ಒಂದು ದಿನದ ಉತ್ಸಾಹದಿಂದ ಆಗುವಂಥವಲ್ಲ. ಮರಳಿ ಮರಳಿ ತಂಬೂರಿಯ ಬಳಿ ಕುಳಿತವನಿಗೆ ಮಾತ್ರ ಅವು ಒಲಿಯುತ್ತವೆ. 1599ರಲ್ಲಿ ಅವನು ಕಟ್ಟಲು ತೊಡಗಿದ ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಹಾಳುಗೆಡವಿತು. ಕಲ್ಲಿನ ನಗರ ಉರುಳಿತು. ಹಾಡಿನ ಪುಸ್ತಕ ಉಳಿಯಿತು.

ಅರಸನಿಗೆ ತಂಬೂರಿಯಿತ್ತು, ಬಿಡುವೂ ಇತ್ತು. ಎರಡೂ ಇಲ್ಲದವರು ಏನು ಮಾಡಬೇಕು? ಇದಕ್ಕೆ ಡೋಣಿ ಸೀಮೆಯ ಹೆಣ್ಣುಮಕ್ಕಳು ಉತ್ತರ ಕೊಟ್ಟರು. ಮಳೆಯನ್ನು ನಂಬಿ ಬದುಕುವ ಬಿಳಿಜೋಳದ ನಾಡು ಇದು. 1876ರಿಂದ 1878ರವರೆಗಿನ ಘೋರ ಬರಗಾಲದಲ್ಲಿ, ಆಗ ಕಲಾದಗಿ ಜಿಲ್ಲೆ ಎನಿಸಿದ್ದ ಈ ಪ್ರದೇಶದ ಜನಸಂಖ್ಯೆ ಲಕ್ಷಕ್ಕೂ ಮಿಕ್ಕು ಕುಗ್ಗಿತು. ಮಳೆಯ ಚಿಂತೆ, ತವರಿನ ಹಂಬಲ, ಕೂಸಿನ ಬೇನೆ, ಅತ್ತೆಯ ಮನೆಯ ಬಿರುನುಡಿ, ಇವೆಲ್ಲವನ್ನೂ ಹೊತ್ತ ಗರತಿಯು ಬೆಳಗು ಹರಿಯುವ ಮುನ್ನವೇ ಬೀಸುಕಲ್ಲಿನ ಮುಂದೆ ಕುಳಿತುಕೊಳ್ಳುತ್ತಿದ್ದಳು. ಒಂದು ಕೈ ಗೂಟ ಹಿಡಿದು ತಿರುಗಿಸಿದರೆ ಇನ್ನೊಂದು ಕೈ ಹಿಡಿ ಹಿಡಿಯಾಗಿ ಜೋಳ ಹಾಕುತ್ತಿತ್ತು. ಮೊದಲು ದೇವರ ನೆನಹು, ಆಮೇಲೆ ತಾಯಿ, ಅಣ್ಣ, ತಮ್ಮ. ಯಾರಿಗೂ ಹೇಳಲಾಗದ ಮಾತನ್ನು ಅವಳು ಕಲ್ಲಿಗೆ ಹೇಳುತ್ತಿದ್ದಳು. ಅಳು ಮಾತಾಯಿತು, ಮಾತು ಹಾಡಾಯಿತು.

ಆ ಹಾಡಿನ ಅಚ್ಚು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದು ಆ ಛಂದಸ್ಸು. ಸಾಲುಗಳು ಮೂರೇ. ಆದರೆ ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮತ್ತೊಮ್ಮೆ ಹೇಳುವುದು ರೂಢಿ. ಹೀಗೆ ಹೇಳುವಷ್ಟರಲ್ಲಿ ಮೂರನೆಯ ಸಾಲನ್ನು ಯೋಚಿಸಲು ಹಾಡುವವಳಿಗೆ ಅವಕಾಶ ದೊರೆಯುತ್ತದೆ. ಮುಂದಿನ ನುಡಿ ತಿಳಿಯದಿದ್ದರೂ ಹಾಡು ನಿಲ್ಲುವುದಿಲ್ಲ, ಕಲ್ಲೂ ನಿಲ್ಲುವುದಿಲ್ಲ. ಎದುರಿಗೆ ಇನ್ನೊಬ್ಬಳು ಕುಳಿತಿದ್ದರೆ ಒಬ್ಬಳು ಎತ್ತಿದ್ದನ್ನು ಮತ್ತೊಬ್ಬಳು ಮುಗಿಸುತ್ತಿದ್ದಳು. ದುಃಖ ಹಂಚಿಹೋಗುತ್ತಿತ್ತು, ಹಿಟ್ಟೂ ಆಗುತ್ತಿತ್ತು.

ಈ ಹಾಡುಗಳಿಗೆ ಬರಹ ಇರಲಿಲ್ಲ. ಇದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಮನೆ ಮನೆಗೆ ಹೋಗಿ, ತಾಯಂದಿರ ಬಾಯಿಂದ ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಅದನ್ನು ಹಿಂಬಾಲಿಸಿದವು. ಕಟ್ಟಿದವರ ಹೆಸರು ಆ ಪುಟಗಳಲ್ಲಿಲ್ಲ. ಅವರ ಎದೆಯ ಬಡಿತವಿದೆ.

ಇಂದು ತಿಕೋಟಾ, ಬಬಲೇಶ್ವರಗಳು ತಾಲೂಕು ಕೇಂದ್ರಗಳಾಗಿವೆ. ಏತ ನೀರಾವರಿಯ ನೀರು ಹರಿದಿದೆ, ದ್ರಾಕ್ಷಿಯ ಪಡಗಳು ಎದ್ದಿವೆ. ಗಿರಣಿ ಬಂದಿದೆ, ಹೆಣ್ಣಿನ ರಟ್ಟೆಗೆ ವಿಶ್ರಾಂತಿ ಸಿಕ್ಕಿದೆ. ಅದು ಸಂತೋಷದ ಮಾತೇ ಸರಿ. ಆದರೆ ಕಲ್ಲು ಮೂಲೆ ಸೇರಿದಾಗ ಹಾಡಿಗಿದ್ದ ಹೊತ್ತೂ ಕಳೆದುಹೋಯಿತು. ಬೆಳೆ ಕೈಕೊಟ್ಟ ಮನೆಯಲ್ಲಿ ಇಂದೂ ದುಃಖವಿದೆ. ಪರೀಕ್ಷೆಯ ಅಂಜಿಕೆ, ಗೆಳೆಯರ ಅಗಲಿಕೆ ನಿಮಗೂ ಇದೆ. ಅದನ್ನು ಇಳಿಸುವ ಜಾಗ ಮಾತ್ರ ಇಲ್ಲವಾಗಿದೆ. ಆ ಜಾಗವನ್ನು ನಾವೇ ಮಾಡಿಕೊಳ್ಳಬೇಕು.

ಹಾಡು ಕಟ್ಟಲು ಮನಸ್ಸು ತಿಳಿಯಾಗಲೆಂದು ಕಾಯುವವನು ಕಾಯುತ್ತಲೇ ಇರುತ್ತಾನೆ. ದಿನದಲ್ಲಿ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿರಿ. ಕಣ್ಣೆದುರಿನ ಒಂದು ವಸ್ತುವನ್ನು ಹಿಡಿಯಿರಿ. ಮೂರೇ ಸಾಲು ಸಾಕು. ಮುಂದಿನದು ತೋಚದಿದ್ದರೆ ಹಿಂದಿನ ಸಾಲನ್ನೇ ಮತ್ತೊಮ್ಮೆ ಹೇಳಿರಿ. ಅರಸನೂ ಗರತಿಯೂ ಬೇರೆ ಬೇರೆ ನೆಲೆಯಲ್ಲಿ ಕುಳಿತು ನಡೆಸಿದ ಸಾಧನೆ ಇಷ್ಟೇ. ಕಾಲ ಕೆಟ್ಟಿತೆಂದು ಗರತಿ ಬೀಸುವುದನ್ನು ಬಿಡಲಿಲ್ಲ, ಹಾಡುವುದನ್ನೂ ಬಿಡಲಿಲ್ಲ.

ಪ್ರಶ್ನೆಗಳು
1. ನವರಸಪುರ ಎಲ್ಲಿದೆ? ಅದು ಹಾಳಾದುದು ಯಾವಾಗ?
2. ತ್ರಿಪದಿಯನ್ನು ಹಾಡುವ ರೂಢಿಯಿಂದ ಹಾಡುವವರಿಗೆ ಆಗುವ ಅನುಕೂಲವೇನು?
3. ಹಲಸಂಗಿಯ ಗೆಳೆಯರು ಮಾಡಿದ ಕಾರ್ಯವನ್ನು ವಿವರಿಸಿರಿ.
4. ನಿಮ್ಮ ಮನೆಯ ಹಿರಿಯರಿಂದ ಒಂದು ಬೀಸುವ ಹಾಡನ್ನು ಕೇಳಿ ಬರೆದುಕೊಳ್ಳಿರಿ.