ಹೃತ್ಕವಾಟದ ಸೋಂಕು ಮತ್ತು ಅಣುಚಿತ್ರಣ

ಕವಾಟವೆಂದರೆ ಬಾಗಿಲು. ಮಾನವನ ಹೃದಯದಲ್ಲಿ ಇಂತಹ ಬಾಗಿಲುಗಳು ನಾಲ್ಕು. ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಹರಿಯದಂತೆ ತಡೆಯುವುದೇ ಅವುಗಳ ಕಾರ್ಯ. ಕೆಟ್ಟ ಕವಾಟದ ಸ್ಥಾನದಲ್ಲಿ ಕೃತಕ ಕವಾಟವನ್ನಿರಿಸುವ ವಿದ್ಯೆ ನಮ್ಮ ದೇಶದಲ್ಲಿಯೂ ಬೆಳೆದಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಸ್ವದೇಶೀ ಕವಾಟವು 1990ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಲ್ಲಿ ಅಳವಡಿಸಲ್ಪಟ್ಟಿತು. ಹೃದಯದ ಬಡಿತವನ್ನು ಕ್ರಮಗೊಳಿಸುವ ಪೇಸ್‌ಮೇಕರ್ ಇಂತಹುದೇ ಇನ್ನೊಂದು ಉಪಕರಣ.

ರಕ್ತವನ್ನು ಹೊಕ್ಕ ಬ್ಯಾಕ್ಟೀರಿಯಗಳು ಇವುಗಳ ಮೇಲೆ ನೆಲೆಯೂರಿದರೆ ಪ್ರಾಣಕ್ಕೇ ಅಪಾಯ. ರಕ್ತದ ಕಲ್ಚರ್ ಮತ್ತು ಎಕೋ ಪರೀಕ್ಷೆಗಳೇ ನಿದಾನದ ಮೊದಲ ಸಾಧನಗಳು. ಆದರೆ ಕೃತಕ ಕವಾಟದ ಲೋಹವು ಎಕೋ ಚಿತ್ರದಲ್ಲಿ ನೆರಳನ್ನು ಚೆಲ್ಲಿ, ಸೋಂಕನ್ನು ಮರೆಮಾಡುವುದುಂಟು. ಅಲ್ಲಿ ನೆರವಾಗುವುದೇ ಅಣುಚಿತ್ರಣ.

ವಿಕಿರಣಶೀಲ ಫ್ಲೋರಿನ್-18 ಬೆರೆತ ಗ್ಲೂಕೋಸಿನಂತಹ ದ್ರವ್ಯವನ್ನು ರಕ್ತನಾಳಕ್ಕೆ ಚುಚ್ಚಲಾಗುತ್ತದೆ. ಸೋಂಕಿನೊಡನೆ ಹೋರಾಡುವ ಕಣಗಳು ಅದನ್ನು ಹೆಚ್ಚಾಗಿ ಹೀರುವುದರಿಂದ, ಪೆಟ್-ಸಿಟಿ ಚಿತ್ರದಲ್ಲಿ ಆ ಸ್ಥಳವು ಬೆಳಗಿ ತೋರುತ್ತದೆ. ಆರೋಗ್ಯವಂತ ಹೃದಯವೂ ಗ್ಲೂಕೋಸನ್ನು ಬಳಸುವುದರಿಂದ, ಪರೀಕ್ಷೆಗೆ ಮುನ್ನ ಪಿಷ್ಟ-ಸಕ್ಕರೆಗಳನ್ನು ವರ್ಜಿಸಿ ಉಪವಾಸವಿರಬೇಕು. ಯುರೋಪಿನ ಹೃದ್ರೋಗತಜ್ಞರ ಸಂಘವು 2015ರ ಮಾರ್ಗಸೂಚಿಯಲ್ಲಿ ಕೃತಕ ಕವಾಟದ ಸೋಂಕಿಗೆ ಈ ಕ್ರಮವನ್ನು ಸೇರಿಸಿತು.

ಇದಕ್ಕೂ ಮಿತಿಗಳುಂಟು. ಶಸ್ತ್ರಕ್ರಿಯೆಯಾದ ಹೊಸತರಲ್ಲಿ ಗಾಯದ ಉರಿಯೂತವೇ ಸೋಂಕಿನಂತೆ ಕಾಣಬಹುದು. ಆಗ ರೋಗಿಯ ಬಿಳಿರಕ್ತಕಣಗಳಿಗೇ ವಿಕಿರಣದ ಗುರುತನ್ನು ಹಚ್ಚಿ ಪರೀಕ್ಷಿಸುವ ಕ್ರಮವು ಹೆಚ್ಚು ಖಚಿತ. ಸಹಜ ಕವಾಟದ ಸೋಂಕಾದರೋ ಪೆಟ್ ಚಿತ್ರಕ್ಕೆ ಎಷ್ಟೋ ವೇಳೆ ಗೋಚರಿಸದು.

ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಆರು ಗಂಟೆ ಕಳೆದರೆ ಉಳಿಯುವುದು ಹತ್ತನೆಯ ಒಂದು ಪಾಲು ಮಾತ್ರ. ಆದುದರಿಂದ ಔಷಧಿಯು ಬೆಂಗಳೂರಿನಿಂದ ಕೊಪ್ಪ ಸೀಮೆಯ ಹಿರೇಕೊಡಿಗೆಯಂತಹ ಊರಿಗೆ ಬರುವುದಕ್ಕಿಂತ, ರೋಗಿಯೇ ನಗರಕ್ಕೆ ತೆರಳುವುದು ಅನಿವಾರ್ಯ. ತಡಮಾಡದೆ ತೆರಳಬೇಕಾದರೆ ಸಂಶಯವು ಊರಿನಲ್ಲಿಯೇ ಮೂಡಬೇಕು. 1957ರಲ್ಲಿ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಇಂದಿಗೂ ಇದೆ. ಜ್ವರವೆಂದೊಡನೆ ಜನರಿಗೆ ಅದರ ನೆನಪಾಗುವುದು ಸಹಜ. ಆದರೆ ಕೃತಕ ಕವಾಟ ಅಥವಾ ಪೇಸ್‌ಮೇಕರ್ ಉಳ್ಳವರಿಗೆ ಜ್ವರ ಬಂದರೆ, ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಆಂಟಿಬಯಾಟಿಕ್ ನುಂಗುವ ಮುನ್ನ ರಕ್ತವನ್ನು ಕಲ್ಚರಿಗೆ ಕೊಡಬೇಕು. ಹಲ್ಲು-ಒಸಡುಗಳ ಶುಚಿಯೂ ಅಲಕ್ಷಿಸತಕ್ಕದ್ದಲ್ಲ.

ಅನೇಕರ ಕವಾಟ ಕೆಡುವುದು ಬಾಲ್ಯದ ರುಮಾಟಿಕ್ ಜ್ವರದಿಂದ. ಅದರ ಮೂಲ ಗಂಟಲಿನ ಸೋಂಕು. ಗಂಟಲುನೋವಿನ ಬಳಿಕ ಕೀಲುಗಳು ಊದಿ ನರಳುವ ವಿದ್ಯಾರ್ಥಿಯನ್ನು ಕಂಡೊಡನೆ ವೈದ್ಯರಲ್ಲಿಗೆ ಕಳುಹಿಸುವ ಉಪಾಧ್ಯಾಯರು, ಒಂದು ಹೃದಯದ ಬಾಗಿಲನ್ನು ಉಳಿಸಿದವರಾಗುತ್ತಾರೆ.