ಬೆಕ್ಕಿಗೆ ಜ್ವರದ ಗುಳಿಗೆ ಬೇಡ

“ರಾತ್ರಿ ಮೈ ಭಾಳ ಬಿಸಿ ಇತ್ರಿ ಡಾಕ್ಟ್ರ, ಹುಡುಗರ ಜ್ವರದ ಗುಳಗಿ ಅರ್ಧ ಹಾಕೀವ್ರಿ.” ಇಳಕಲ್ಲಿರಲಿ, ಹುನಗುಂದವಿರಲಿ, ಪಶು ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕನ್ನು ಇಳಿಸುವ ಹೊತ್ತಿಗೆ ಈ ಮಾತು ಬಂದರೆ ವೈದ್ಯರ ಎದೆ ಧಸಕ್ಕೆನ್ನುತ್ತದೆ. ನಾಯಿ-ಬೆಕ್ಕುಗಳ ಮೈ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಇರುತ್ತದೆ. ನಮ್ಮ ಅಂಗೈಗೆ ಅದು ಯಾವಾಗಲೂ ಜ್ವರವೇ. ಪ್ಯಾರಾಸಿಟಮಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಹೀಗಾಗಿ ರಕ್ತ ಆಮ್ಲಜನಕ ಹೊರುವುದನ್ನು ನಿಲ್ಲಿಸುತ್ತದೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಅರ್ಧ ಗುಳಿಗೆಯೇ ಜೀವ ತೆಗೆಯಬಹುದು. ಈಗಾಗಲೇ ಕೊಟ್ಟುಬಿಟ್ಟಿದ್ದರೆ ಮುಚ್ಚಿಡಬೇಡಿ, ಗುಳಿಗೆಯ ಪಟ್ಟಿ ಸಮೇತ ಓಡಿ. ಬೇಗ ಬಂದರೆ ಇದಕ್ಕೆ ಪ್ರತಿವಿಷ ಇದೆ. ನಾಯಿಗೆ ಮೈಕೈ ನೋವಿನ ಐಬುಪ್ರೊಫೆನ್ ಕೂಡ ಹಾಗೆಯೇ: ಹೊಟ್ಟೆಯಲ್ಲಿ ಹುಣ್ಣು, ಆಮೇಲೆ ಮೂತ್ರಪಿಂಡಕ್ಕೆ ಪೆಟ್ಟು.

ನಮ್ಮ ಜಿಲ್ಲೆಯ ಅಡುಗೆಮನೆಯಲ್ಲಿ ಇನ್ನೆರಡು ಅಪಾಯಗಳಿವೆ, ಎರಡೂ ನಮ್ಮ ಹೊಲದ ಬೆಳೆಗಳೇ. ಉಳ್ಳಾಗಡ್ಡಿ ಹಸಿಯಾಗಿರಲಿ, ಒಗ್ಗರಣೆಯಲ್ಲಿ ಬೆಂದಿರಲಿ, ನಾಯಿ-ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಪರಿಣಾಮ ಕಾಣುವುದು ಕೆಲವು ದಿನ ಕಳೆದ ಮೇಲೆ, ಹಾಗಾಗಿ ಯಾರೂ ಉಳ್ಳಾಗಡ್ಡಿಯನ್ನು ಅನುಮಾನಿಸುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಒಂದು ನಾಯಿ ತಿಂದು ಆರಾಮ ಇತ್ತೆಂದು ಇನ್ನೊಂದಕ್ಕೆ ಕೊಡಬೇಡಿ.

ಮಕ್ಕಳು ಆಸೆಪಟ್ಟು ತಂದ ನಾಯಿಮರಿ ವಾಂತಿ ಮಾಡಿ, ರಕ್ತದ ಭೇದಿ ಶುರುವಾದರೆ ಬೆಳಗಿನವರೆಗೆ ಕಾಯಬೇಡಿ. ಅದು ಪಾರ್ವೊ ಎಂಬ ವೈರಸ್ ರೋಗ ಇರಬಹುದು. “ಒಂದು ಇಂಜೆಕ್ಷನ್ ಹಾಕಿಬಿಡ್ರಿ” ಎನ್ನುತ್ತಾರೆ ಪೋಷಕರು. ಆ ವೈರಸ್ಸನ್ನು ಒಂದೇ ಸೂಜಿಯಲ್ಲಿ ಕೊಲ್ಲುವ ಸಾಮಾನ್ಯ ಔಷಧ ನಮ್ಮ ಕೈಯಲ್ಲಿಲ್ಲ. ನೀರಿನಂಶ ಕಳೆದುಕೊಂಡ ಮರಿಗೆ ಸಲೈನ್ ಹರಿಸುತ್ತ, ವಾಂತಿ ತಡೆಯುತ್ತ, ಬೇರೆ ಸೋಂಕು ಸೇರದಂತೆ ನೋಡುತ್ತ, ಅದರ ಮೈ ತಾನೇ ಗೆಲ್ಲುವವರೆಗೆ ಹಿಡಿದಿಡುವುದೇ ಚಿಕಿತ್ಸೆ. ಹಲವು ದಿನ ಬೇಕು, ಖರ್ಚೂ ಇದೆ. ಖರ್ಚಿನ ಮಾತನ್ನು ಮೊದಲ ದಿನವೇ ಎತ್ತಿ, ಸಂಕೋಚ ಬೇಡ. ಇರುವ ಹಣದಲ್ಲಿ ಯಾವುದು ಮೊದಲು, ಯಾವುದನ್ನು ಬಿಡಬಹುದು ಎಂದು ವೈದ್ಯರು ಹೇಳಬಲ್ಲರು. ಮೂರನೇ ದಿನ ಸದ್ದಿಲ್ಲದೆ ಬರುವುದನ್ನೇ ನಿಲ್ಲಿಸಿದರೆ ಅವರಿಗೂ ದಾರಿ ತೋಚುವುದಿಲ್ಲ. ಸತ್ತ ಮರಿ ಮಲಗಿದ್ದ ಅಂಗಳದಲ್ಲಿ ಈ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಮಕ್ಕಳನ್ನು ಸಮಾಧಾನಿಸಲು ಮರುವಾರವೇ ಲಸಿಕೆಯಿಲ್ಲದ ಮತ್ತೊಂದು ಮರಿ ತರಬೇಡಿ.

ಲಸಿಕೆಯ ಲೆಕ್ಕ ಸರಳ. ಆರರಿಂದ ಎಂಟನೇ ವಾರದಲ್ಲಿ ಮೊದಲನೆಯದು, ಹದಿನಾರು ವಾರದವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ. ಮೂರು ತಿಂಗಳಿಗೆ ರೇಬೀಸ್, ಆಮೇಲೆ ವೈದ್ಯರು ಹೇಳಿದಂತೆ ಮರುಲಸಿಕೆ.

ಬೇಸಿಗೆಯಲ್ಲಿ ಉಣ್ಣಿ ಜ್ವರ. ನಾಯಿ ಮಂಕಾಗಿ, ವಸಡು ಬಿಳಿಚಿ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ರಕ್ತಪರೀಕ್ಷೆ ಮಾಡಿಸಿ, ಬರೆದ ಗುಳಿಗೆಯನ್ನು ಪೂರ್ತಿ ಮುಗಿಸಿ. ವಾರದಲ್ಲಿ ಚುರುಕಾಯಿತೆಂದು ನಿಲ್ಲಿಸಿದರೆ ರೋಗ ಮರಳಬಹುದು. ದನಕ್ಕೆ ಹಚ್ಚುವ ಉಣ್ಣಿ ಔಷಧವನ್ನು ಬೆಕ್ಕಿನ ಮೈಗೆ ಮುಟ್ಟಿಸಲೇಬೇಡಿ.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ಪಕ್ಕೆಲುಬು ಕಾಣುತ್ತದೆಂದು ಗಾಬರಿಯಾಗಿ ತಿನ್ನಿಸಿ ದಪ್ಪ ಮಾಡಬೇಡಿ, ಅದರ ಮೈಕಟ್ಟೇ ಹಾಗೆ. ಕೊಬ್ಬು ಕಡಿಮೆ ಇರುವ ಇಂಥ ಬೇಟೆನಾಯಿಗಳಲ್ಲಿ ಕೆಲವು ಅರಿವಳಿಕೆಗಳ ಮಂಪರು ಬೇಗ ಇಳಿಯುವುದಿಲ್ಲ, ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲು ಜಾತಿ ಯಾವುದೆಂದು ತಿಳಿಸಿ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ, ತಳಿಯ ಬಗ್ಗೆ ಅಲ್ಲಿ ವಿಚಾರಿಸಬಹುದು. ಮೂಳೆ ಮುರಿತ, ಸ್ಕ್ಯಾನಿಂಗ್‌ನಂಥವು ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಗದಗಿನ ಪಶುವೈದ್ಯಕೀಯ ಕಾಲೇಜು ಅಥವಾ ಹುಬ್ಬಳ್ಳಿ-ಧಾರವಾಡದ ಕ್ಲಿನಿಕ್ಕುಗಳಿವೆ. ಹೊರಡುವ ಮೊದಲು ಫೋನ್ ಮಾಡಿ.

ಇನ್ನು ಮಗುವಿನ ವಿಷಯ. ನಾಯಿಯನ್ನು ಮನೆಯಿಂದ ಕಳಿಸಿಬಿಡುತ್ತಾರೆಂಬ ಭಯಕ್ಕೆ ಮಕ್ಕಳು ಗೀರಿದ್ದನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಳ್ಳುತ್ತಾರೆ. ಬೈಯುವುದಿಲ್ಲ ಎಂದು ಮೊದಲೇ ಹೇಳಿಡಿ. ನಾಯಿ, ಬೆಕ್ಕು, ಬಾದಾಮಿ ಗುಹೆಗಳ ಹತ್ತಿರ ಕೈಚೀಲ ಕಸಿಯುವ ಮಂಗ, ಯಾವುದು ಕಚ್ಚಿದರೂ, ಗೀರಿದರೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರಪುಡಿ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆ 0, 3, 7, 28ನೇ ದಿನಗಳಂದು. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಹತ್ತು ದಿನ ನಾಯಿಯನ್ನು ನೋಡಿ ಆಮೇಲೆ ಸೂಜಿ ಎನ್ನುವುದು ತಪ್ಪು ಲೆಕ್ಕ. ಸೂಜಿ ಮೊದಲು, ನಾಯಿಯ ಮೇಲೆ ಕಣ್ಣಿಡುವುದು ಜೊತೆಜೊತೆಗೆ. ನಿಮ್ಮ ನಾಯಿಗೆ ಲಸಿಕೆ ಆಗಿದ್ದರೆ ಆ ಕಾರ್ಡನ್ನು ಒಯ್ದು ಮಗುವಿನ ವೈದ್ಯರಿಗೆ ತೋರಿಸಿ, ತೀರ್ಮಾನ ಅವರು ಮಾಡಲಿ.